ಮಳೆಗೆ ಮುಂಚೆ ಸೀಮಂತ

ಕೊಡಗಿನಲ್ಲಿ ಸೀಮಂತಕ್ಕೆ ದಿನ ಹುಡುಕುವಾಗ ಪಂಚಾಂಗ ಒಂದನ್ನೇ ನೋಡಿದರೆ ಸಾಲದು. ಮಳೆ ನೋಡಬೇಕು, ತೋಟದ ಕೆಲಸ ನೋಡಬೇಕು, ರಸ್ತೆ ನೋಡಬೇಕು. ಬಯಲುಸೀಮೆಯ ನೆಂಟರಿಗೆ ಇದು ಬೇಗ ಅರ್ಥವಾಗುವುದಿಲ್ಲ. "ಏಳನೇ ತಿಂಗಳಲ್ಲಿ ಒಂದು ಒಳ್ಳೇ ಭಾನುವಾರ ನೋಡಿ ಮಾಡಿಬಿಡಿ" ಎನ್ನುತ್ತಾರೆ. ನನ್ನ ತಂಗಿಗೆ ಏಳನೇ ತಿಂಗಳು ಬೀಳುತ್ತಿದ್ದದ್ದು ಜುಲೈನಲ್ಲಿ. ನಮ್ಮ ಮನೆ ಇರೋದು ಸೋಮವಾರಪೇಟೆ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಒಳಗೆ, ತೋಟದ ನಡುವೆ. ಜುಲೈನಲ್ಲಿ ಅಲ್ಲಿ ಕೊಟ್ಟಿಗೆಗೆ ಹೋಗಿ ಬರಲೂ ಕೊಡೆ ಬೇಕು.

ಸುಮ್ನೆ ಮಳೆಯ ಮಾತಲ್ಲ ಇದು. ಆಷಾಢದಲ್ಲಿ ಶುಭಕಾರ್ಯ ಮಾಡುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯಲ್ಲಿ ಅದರ ಜೊತೆಗೆ ಕೊಡವರ ಕಕ್ಕಡ, ಅರೆಭಾಷೆಯವರ ಆಟಿ ಅನ್ನುವ ತಿಂಗಳು ಇದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಗದ್ದೆಯಲ್ಲಿ ನಾಟಿ ನಡೆಯುವ ಹೊತ್ತು, ಹೊಳೆ ತುಂಬಿ ಹರಿಯುವ ಹೊತ್ತು. ಆಗ ಮನೆಯಲ್ಲಿ ಸಮಾರಂಭ ಇಟ್ಟುಕೊಂಡರೆ ಬರುವವರಿಗೂ ಕಷ್ಟ, ಕರೆದವರಿಗೂ ಕಷ್ಟ. ಹಿರಿಯರು ಆ ತಿಂಗಳನ್ನು ಬಿಟ್ಟದ್ದರಲ್ಲಿ ಒಂದು ಲೆಕ್ಕ ಇದೆ ಅಂತ ನನಗೆ ವಯಸ್ಸಾದಂತೆ ಜಾಸ್ತಿ ಜಾಸ್ತಿ ಅನ್ನಿಸುತ್ತಿದೆ. 2018ರ ಆಗಸ್ಟ್ ನೋಡಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕುಸಿದು, ಸುಳ್ಯ, ಮಂಗಳೂರಿನ ಕಡೆ ಹೋಗಬೇಕಾದವರು ಸುತ್ತಿ ಬಳಸಿ ಹೋದರು. ಜಿಲ್ಲೆಗೆ ರೈಲೂ ಇಲ್ಲ. ರಸ್ತೆ ನಿಂತರೆ ಎಲ್ಲವೂ ನಿಂತಂತೆ. ತುಂಬು ಬಸುರಿಯನ್ನು ಅಂಥ ತಿಂಗಳಲ್ಲಿ ಬೆಂಗಳೂರಿನಿಂದ ಕರೆಸಿಕೊಂಡು ಹಸಿರು ಬಳೆ ಹಾಕಿ ಕಳಿಸುವುದು ಬೇಕಾ?

ಒಂಬತ್ತನೇ ತಿಂಗಳು ಸೆಪ್ಟೆಂಬರ್. ಅದು ಇನ್ನೂ ಆಗದ ಮಾತು. ಕುಶಾಲನಗರ ದಾಟಿದ ಮೇಲಿನ ತಿರುವುಗಳನ್ನು ಆ ಹೊಟ್ಟೆ ಹೊತ್ತು ಯಾಕೆ ಹತ್ತಬೇಕು? ಉಳಿದದ್ದು ಐದನೇ ತಿಂಗಳು, ಮೇ. ಆ ಹೊತ್ತಿಗೆ ಬೆಳಗಿನ ವಾಂತಿ ಬಹುತೇಕ ಎಲ್ಲರಿಗೂ ಕಡಿಮೆಯಾಗಿರುತ್ತದೆ. ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯೂ ಬಂದು ಹೋಗಿ, ತೋಟದವರಿಗೂ ಸ್ವಲ್ಪ ಬಿಡುವಿರುತ್ತದೆ.

"ಚೊಚ್ಚಲು ಬಸುರಿಗೆ ಏಳರಲ್ಲೇ ಆಗಬೇಕು" ಅಂತ ದೊಡ್ಡಮ್ಮ ಹಟ ಹಿಡಿದರು. ಅವರ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿರಲಿಲ್ಲ. ಆದರೆ ತಿಂಗಳ ಲೆಕ್ಕ ಎಲ್ಲ ಕಡೆ ಒಂದೇ ಆಗಿಲ್ಲ. ಮನೆಯ ಸಂಸ್ಕಾರಗಳನ್ನು ಹೇಳುವ ಹಳೇ ಗ್ರಂಥ ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೀಮಂತಕ್ಕೆ ಹೇಳಿರುವುದು ನಾಲ್ಕನೇ ತಿಂಗಳು. ಮುಳ್ಳುಹಂದಿಯ ಮುಳ್ಳು, ದರ್ಭೆ, ಎಳೆಯ ಅತ್ತಿಕಾಯಿ ಗೊಂಚಲು ಹಿಡಿದು ಬಸುರಿಯ ಬೈತಲೆ ತೆಗೆಯಬೇಕು, ವೀಣೆ ನುಡಿಸುವವರು ಹಾಡಬೇಕು ಅಂತೆಲ್ಲ ಅಲ್ಲಿದೆ. ಅದೇ ಜಾಗದಲ್ಲಿ, ಮನೆಯ ಹಿರಿಯ ಮುತ್ತೈದೆಯರು ಏನು ಹೇಳುತ್ತಾರೋ ಹಾಗೆ ಮಾಡಿ ಅಂತಲೂ ಇದೆ. ಇದನ್ನು ಓದಿ ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಐದೂ ಬೆಸವೇ ಅಲ್ವಾ, ಆಗಲಿ" ಅಂದರು. ಅಲ್ಲಿಗೆ ದಿನ ಗಟ್ಟಿಯಾಯಿತು.

ಜಾಗದ ಬಗ್ಗೆ ಜಾಸ್ತಿ ಚರ್ಚೆ ಆಗಲಿಲ್ಲ. ಮೇ ತಿಂಗಳಲ್ಲಿ ಸಮಾಜದ ಹಾಲ್‌ಗಳೆಲ್ಲ ಮದುವೆಗೆ ಹೋಗಿರುತ್ತವೆ. ಬೀಗರು ಹಾಸನದವರು, ತಮ್ಮ ಮನೆಯಲ್ಲೇ ಮಾಡುತ್ತೇವೆ ಅಂದರು. ಪ್ರೀತಿಯಿಂದಲೇ ಹೇಳಿದರು. ನಾನು ತಂಗಿಯನ್ನು ಕೇಳಿದೆ. ಅವಳಿಗೆ ತವರಿನ ಜಗಲಿಯೇ ಬೇಕಿತ್ತು. ಬೀಗರು ಒಪ್ಪಿಕೊಂಡರು.

ಈ ಕೇಳುವುದು ಇದೆಯಲ್ಲ, ಇದರ ಬಗ್ಗೆಯೇ ನಾನು ಈ ಬರಹ ಬರೆಯುತ್ತಿರುವುದು. ಸೀಮಂತ ಅಂದ ಕೂಡಲೇ ನಾವು ಅಡಿಗೆಯವರನ್ನು ಕೇಳುತ್ತೇವೆ, ಪುರೋಹಿತರನ್ನು ಕೇಳುತ್ತೇವೆ, ಫೋಟೋದವರನ್ನು ಕೇಳುತ್ತೇವೆ, ಹೂವಿನವರನ್ನು ಕೇಳುತ್ತೇವೆ. ಮಣೆಯ ಮೇಲೆ ಕೂರುವವಳನ್ನು ಮಾತ್ರ "ಯಾವ ಬಣ್ಣದ ಸೀರೆ?" ಅಂತ ಕೇಳಿ ಬಿಟ್ಟುಬಿಡುತ್ತೇವೆ. ಅದೂ ಹಸಿರೇ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಅವಳಿಗೆ ಏನು ಬೇಕು, ಅದಕ್ಕಿಂತ ಹೆಚ್ಚಾಗಿ ಏನು ಬೇಡ, ಅದನ್ನು ಯಾರೂ ಕೇಳುವುದಿಲ್ಲ. ಅವಳಾಗಿ ಹೇಳುವುದೂ ಇಲ್ಲ. ನನಗಾಗಿ ಇಷ್ಟೆಲ್ಲ ಮಾಡುತ್ತಿದ್ದಾರೆ, ಹೇಗೆ ಬೇಡ ಅನ್ನಲಿ ಅನ್ನುವ ಸಂಕೋಚ.

ನಾನು ತಂಗಿಗೆ ರಾತ್ರಿ ಫೋನ್ ಮಾಡಿ, ಗಂಡನೂ ಅತ್ತೆಯೂ ಹತ್ತಿರ ಇಲ್ಲದ ಹೊತ್ತಿನಲ್ಲಿ ಕೇಳಿದೆ. ಮೊದಲು "ಏನಾದ್ರೂ ಮಾಡಿ ಅಕ್ಕ" ಅಂದಳು. ಬಿಡಲಿಲ್ಲ. ಆಮೇಲೆ ಒಂದೊಂದಾಗಿ ಬಂತು. ಕಾಡುಮಾವಿನ ಹಣ್ಣಿನ ಸಾರು ಬೇಕು. ಅಮ್ಮನ ಅಕ್ಕಿ ರೊಟ್ಟಿ ಬೇಕು, ಹುಚ್ಚೆಳ್ಳು ಚಟ್ನಿ ಬೇಕು. ಊದುಬತ್ತಿ ಹೊಗೆ ಬೇಡ. ಮಲ್ಲಿಗೆ ವಾಸನೆಗೆ ತಲೆ ನೋಯುತ್ತದೆ, ಮೊಗ್ಗಿನ ಜಡೆ ಬೇಡ. ಎಲ್ಲರೂ ಬಂದು ಬಾಯಿಗೆ ಸಿಹಿ ಇಡುತ್ತಾರಲ್ಲ, ಅದು ಬೇಡವೇ ಬೇಡ. ಕೊನೆಗೆ ಸ್ವಲ್ಪ ತಡೆದು, "ಗಂಡೋ ಹೆಣ್ಣೋ ಅಂತ ಯಾರೂ ಕೇಳದ ಹಾಗೆ ಮಾಡೋಕೆ ಆಗುತ್ತಾ?" ಅಂದಳು.

ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಆಮೇಲಿನ ಪ್ರತಿ ತೀರ್ಮಾನಕ್ಕೂ ಆ ಹಾಳೆಯೇ ಆಧಾರ.

ಕಾಡುಮಾವು ಮೇ ತಿಂಗಳದ್ದೇ ಹಣ್ಣು. ಮರ ದೊಡ್ಡದು, ಹಣ್ಣು ಚಿಕ್ಕದು. ನಾರು ಜಾಸ್ತಿ, ಓಟೆ ದೊಡ್ಡದು, ಸಿಹಿಯ ಜೊತೆ ಹುಳಿ. ರಾತ್ರಿ ಗಾಳಿಗೆ ಬಿದ್ದದ್ದನ್ನು ಬೆಳಿಗ್ಗೆ ಬೇಗ ಹೆಕ್ಕಬೇಕು, ಇಲ್ಲದಿದ್ದರೆ ದನ, ಕೋತಿಗಳ ಪಾಲು. ತೊಟ್ಟಿನ ಸೊನೆ ತೊಳೆದು, ಸಿಪ್ಪೆಯನ್ನು ಕೈಯಲ್ಲೇ ಸುಲಿಯಬೇಕು. ಸಿಪ್ಪೆಗೆ ಅಂಟಿದ ರಸವನ್ನು ನೀರಿನಲ್ಲಿ ಕಿವುಚಿ ಹಿಂಡಿ, ಆ ನೀರಿನಲ್ಲೇ ಹಣ್ಣನ್ನು ಓಟೆ ಸಮೇತ ಬೇಯಿಸಬೇಕು. ಬೆಲ್ಲ, ಉಪ್ಪು, ಖಾರದ ಪುಡಿ, ಸೀಳಿದ ಹಸಿಮೆಣಸು. ಸಾರು ಕುದ್ದು ಸ್ವಲ್ಪ ಮಂದವಾದ ಮೇಲೆ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೇ ತಂಗಿಗೆ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ಒಗ್ಗರಣೆಗಳನ್ನೆಲ್ಲ ಹಿತ್ತಲಿನ ಒಲೆಯಲ್ಲಿ ಹಾಕಿದೆವು. ಅಡಿಗೆಮನೆಯ ಕಿಟಕಿ ಮುಚ್ಚಿತ್ತು. ಸಾರು ಅವಳ ಎಲೆಗೆ ಬರುವ ಹೊತ್ತಿಗೆ ಮಾವಿನ ಪರಿಮಳ ಮಾತ್ರ ಉಳಿದಿತ್ತು. ಅವಳು ರೊಟ್ಟಿ ಪಕ್ಕಕ್ಕಿಟ್ಟು ಓಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚೀಪಿದಳು. ರಸ ಮೊಣಕೈವರೆಗೆ ಇಳಿಯಿತು. ಫೋಟೋದವನಿಗೆ ಆಗ ಕ್ಯಾಮರಾ ಕೆಳಗಿಡು ಅಂತ ನಾನೇ ಹೇಳಿದೆ. ಅವಳು ನಿಶ್ಚಿಂತೆಯಿಂದ ತಿನ್ನಲಿ.

ಬಂದವರಿಗೆ ಬೇರೆ ಅಡಿಗೆ ಇತ್ತು. ಐದು ಬಗೆಯ ಅನ್ನ ಮಾಡುವುದು ನಮ್ಮ ಮನೆಯ ಪದ್ಧತಿ. ಚಿತ್ರಾನ್ನ, ಪುಳಿಯೋಗರೆ, ಕಾಯಿ ಅನ್ನ, ಸಿಹಿ ಪೊಂಗಲ್, ಮೊಸರನ್ನ. ಜೊತೆಗೆ ಕಡುಬು, ಪಾಯಸ. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಚೆನ್ನಾಗಿತ್ತು.

ಕಾಫಿಯ ಬಗ್ಗೆ ಮಾತ್ರ ಹೇಳಲೇಬೇಕು. ಕಾಫಿ ಬೆಳೆಯುವವರ ಮನೆಯಲ್ಲಿ ಬಂದವರಿಗೆ ಮೊದಲು ಕಾಫಿ, ಹೋಗುವವರಿಗೆ ಕೊನೆಗೆ ಕಾಫಿ. ಪ್ರತಿಯೊಬ್ಬರೂ ಬಸುರಿಯ ಪಕ್ಕ ಕೂತು "ನೀನೂ ಒಂದು ಗುಟುಕು ತಗೋ" ಅನ್ನುತ್ತಾರೆ. ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟದಿರಲಿ ಅಂತ ಡಾಕ್ಟರುಗಳು ಹೇಳುತ್ತಾರೆ. ನಮ್ಮ ಗಟ್ಟಿ ಡಿಕಾಕ್ಷನ್ನಿನಲ್ಲಿ ಆ ಲೆಕ್ಕ ಬೇಗ ತುಂಬಿಬಿಡುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕಬ್ಬಿಣದ ಮಾತ್ರೆ ನುಂಗಿದ ಹೊತ್ತಿನಲ್ಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ಕಡೆ ಎಷ್ಟು ಹೆಂಗಸರು ತಿಂಡಿ ಮುಗಿಸಿ, ಮಾತ್ರೆ ಬಾಯಿಗೆ ಹಾಕಿ, ಕಾಫಿಯ ಜೊತೆ ನುಂಗುತ್ತಾರೆ! ನಿಂಬೆ ಪಾನಕದ ಜೊತೆ ನುಂಗಿ, ಕಾಫಿಗೆ ಒಂದೆರಡು ಗಂಟೆ ಬಿಡಿ ಅಂತ ಯಾರಾದರೂ ಹೇಳಿದರೆ ಸಾಕಿತ್ತು. ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ಮಣೆಯ ಮೇಲೆ ಕೂರುವ ಇಬ್ಬರಲ್ಲಿ ಒಬ್ಬಳಿಗೆ. ತಂಗಿಯ ಹಿಮೋಗ್ಲೋಬಿನ್ ಕೂಡ 11ಕ್ಕಿಂತ ಕೆಳಗೇ ಇತ್ತು. ಆವತ್ತು ಅವಳ ಪಕ್ಕ ಒಂದು ತಂಬಿಗೆ ಬೆಲ್ಲದ ನಿಂಬೆ ಪಾನಕ ಇಟ್ಟಿದ್ದೆವು. ಕಾಫಿ ತಂದವರನ್ನು ಚಿಕ್ಕಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು.

ಕೂರುವ ವ್ಯವಸ್ಥೆ. ಮಣೆ ನೋಡಲು ಚೆಂದ, ರಂಗೋಲಿಯ ನಡುವೆ ಇಟ್ಟರೆ ಫೋಟೋಗೂ ಚೆಂದ. ಆದರೆ ಕಾಲು ಮಡಿಸಿ ಒಂದು ಗಂಟೆ ಕೂತರೆ ಬಸುರಿಯ ಕಾಲು ಮರಗಟ್ಟುತ್ತದೆ, ಪಾದ ಊದುತ್ತದೆ. ಶಾಸ್ತ್ರಕ್ಕೆ ಐದು ನಿಮಿಷ ಮಣೆ. ಆಮೇಲೆ ಅಜ್ಜನ ಕೈಕುರ್ಚಿ, ಬೆನ್ನಿಗೆ ದಿಂಬು, ಕಾಲಿಗೆ ಚಿಕ್ಕ ಸ್ಟೂಲು. ಬಚ್ಚಲಿನ ಕಡೆಗೆ ಯಾರೂ ಅಡ್ಡ ಕೂರದ ಹಾಗೆ ದಾರಿ ಬಿಟ್ಟಿದ್ದೆವು, ಯಾಕಂದರೆ ಅವಳು ಪದೇ ಪದೇ ಏಳಬೇಕು. ಅಷ್ಟು ಜನರ ಮುಂದೆ ಮತ್ತೆ ಮತ್ತೆ "ಸ್ವಲ್ಪ ಜಾಗ ಬಿಡಿ" ಅನ್ನಲು ನಾಚಿ ತಡೆದುಕೊಂಡು ಕೂರುವ ಹುಡುಗಿಯರನ್ನು ನಾನು ನೋಡಿದ್ದೇನೆ. ಆರತಿ ಮುಗಿದ ಮೇಲೆ ಒಳಗಿನ ಕೋಣೆಯಲ್ಲಿ ಮಲಗಿಕೊಳ್ಳಲು ಹಾಸಿಗೆ ಹಾಸಿತ್ತು. ಊಟಕ್ಕೆ ಮುಂಚೆ ಅವಳು ಒಂದು ಗಂಟೆ ಎಡಕ್ಕೆ ಮಗ್ಗುಲಾಗಿ ಮಲಗಿದಳು. ಬಂದವರು ಜಗಲಿಯಲ್ಲಿ ಸೋಬಾನೆ ಹೇಳಿಕೊಂಡು ಕೂತಿದ್ದರು. ಯಾರಿಗೂ ಏನೂ ಕಡಿಮೆ ಆಗಲಿಲ್ಲ.

ಬಳೆಯನ್ನು ಶನಿವಾರಸಂತೆಯ ಸಂತೆಯಲ್ಲಿ ತಂದೆ. ಹಸಿರು ಗಾಜಿನ ಬಳೆ, ನಡುನಡುವೆ ಎರಡೆರಡು ಕೆಂಪು. ತಂಗಿಯದು ಯಾವಾಗಲೂ ಎರಡು ನಾಲ್ಕರ ಅಳತೆ. ಬಳೆಯಂಗಡಿಯ ಹೆಂಗಸು "ಬಸುರಿಗಾ?" ಅಂತ ಕೇಳಿ, ಎರಡು ಆರರ ಕಟ್ಟು ತೆಗೆದು ಇಟ್ಟರು. "ಈಗ ಬಿಗಿಯಾಗಿ ಹಾಕಿದರೆ ಎಂಟರಲ್ಲಿ ಕೈ ಊದಿದಾಗ ಒಡೆದು ತೆಗೆಯಬೇಕಾಗುತ್ತೆ, ಸಡಿಲ ಇರಲಿ" ಅಂದರು. ಫಿರೋಜಾಬಾದಿನಿಂದ ಬರುವ ಬಳೆಗಳಂತೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಆಡಿಸಿ, ಬೆಸುಗೆ ಚುಚ್ಚುವಂಥದ್ದನ್ನು ಪಕ್ಕಕ್ಕೆ ತೆಗೆದಿಟ್ಟರು. ಅವರ ಮಾತಿನಲ್ಲಿ ಇದ್ದ ಕಾಳಜಿ ಎಷ್ಟೋ ದೊಡ್ಡ ಅಲಂಕಾರದಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ.

ಬಳೆ ಹಾಕುವವರು ಯಾರು ಅನ್ನುವ ಪ್ರಶ್ನೆ ಬಂತು. ಇದು ಬಂದೇ ಬರುತ್ತದೆ. ಮಕ್ಕಳಿರುವ ಮುತ್ತೈದೆಯರನ್ನೇ ಕರೆಯುವುದು ರೂಢಿ. ನಮ್ಮ ಚಿಕ್ಕಮ್ಮನಿಗೆ ಮಕ್ಕಳಿಲ್ಲ, ಚಿಕ್ಕಪ್ಪ ತೀರಿಹೋಗಿ ಬಹಳ ವರ್ಷವಾಯಿತು. ತಂಗಿಯನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು ಅವರು. ಇಂಥ ಕಾರ್ಯಗಳಲ್ಲಿ ಅವರು ತಾವಾಗಿಯೇ ಅಡಿಗೆಮನೆ ಸೇರಿಬಿಡುತ್ತಾರೆ, ಯಾರೂ ಹೊರಗೆ ಕರೆಯುವ ಮುಜುಗರವೇ ಬೇಡ ಅಂತ. ನಾನು ಇದನ್ನು ಬಹಳ ಸಲ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗಿದೆ. ಈ ಸಲ ತಂಗಿ ಮಣೆಯ ಮೇಲೆ ಕೂತವಳೇ "ಮೊದಲ ಬಳೆ ಚಿಕ್ಕಮ್ಮ ಹಾಕಲಿ" ಅಂದಳು. ದೊಡ್ಡಮ್ಮ ನನ್ನ ಮುಖ ನೋಡಿದರು. ಬೀಗಿತ್ತಿ, ಹಾಸನದ ಆ ತಾಯಿ, ತಾವೇ ಎದ್ದು ಹೋಗಿ ಚಿಕ್ಕಮ್ಮನ ಕೈ ಹಿಡಿದು ಕರೆತಂದರು. ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತರು. ಮೊದಲ ಬಳೆಗೆ ಕೈ ನಡುಗಿತು. ಎರಡನೆಯದು ಸಲೀಸಾಗಿ ಹೋಯಿತು. ಆಮೇಲೆ ದೊಡ್ಡಮ್ಮನೂ ಹಾಕಿದರು, ಅಮ್ಮನೂ ಹಾಕಿದರು, ನಾನೂ ಹಾಕಿದೆ. ಬಸುರಿಯ ಒಳಿತನ್ನು ಬಯಸುವ ಮನಸ್ಸಿಗಿಂತ ದೊಡ್ಡ ಅರ್ಹತೆ ಇನ್ನೇನು ಬೇಕು ಅಂತ ನನಗೆ ಈವರೆಗೂ ತಿಳಿದಿಲ್ಲ. ಹೊರಗಿಡುವವರು ಯಾವ ಶುಭ ಕಾಯುತ್ತಿದ್ದಾರೆ?

ಬಾಯಿಗೆ ಸಿಹಿ ಇಡುವುದನ್ನು ಹೀಗೆ ಬದಲಿಸಿದೆವು. ಅವಳ ಮುಂದೆ ಒಂದು ಬೆಳ್ಳಿ ತಟ್ಟೆ. ಪ್ರತಿಯೊಬ್ಬರೂ ಅರಿಶಿನ ಕುಂಕುಮ ಹಚ್ಚಿ, ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಸಿಹಿಯನ್ನು ತಟ್ಟೆಗೆ ಹಾಕುವುದು. ಅವಳಿಗೆ ಬೇಕೆನಿಸಿದಾಗ ಬೇಕಾದಷ್ಟು ತಿನ್ನಲಿ. ಯಾರಿಗೂ ಬೇಸರವಾಗಲಿಲ್ಲ. ಮೊದಲೇ ಹೇಳಿದರೆ ಜನ ಒಪ್ಪುತ್ತಾರೆ. ಅವಳ ಮುಂದೆ ನಿಂತು ಚಮಚ ಎತ್ತಿದ ಮೇಲೆ ಬೇಡ ಅಂದರೆ ಮಾತ್ರ ಮುನಿಸು.

ಗಂಡೋ ಹೆಣ್ಣೋ ಆಟದ ಬಗ್ಗೆ. ಈಚೆಗೆ ನೀಲಿ, ಗುಲಾಬಿ ಬಲೂನು ಕಟ್ಟಿ ಊಹೆ ಮಾಡಿಸುವುದು ನಮ್ಮ ಊರುಗಳಿಗೂ ಬಂದಿದೆ. ಎರಡು ಡಬ್ಬಿ ಇಟ್ಟು ಒಂದು ಆರಿಸು ಅನ್ನುವ ಹಳೇ ಆಟವೂ ಇದೆ. ಭ್ರೂಣದ ಲಿಂಗ ಪತ್ತೆ ಮಾಡಿ ಹೇಳುವುದನ್ನು ನಮ್ಮ ದೇಶದಲ್ಲಿ 1994ರ ಕಾಯ್ದೆ ತಡೆದಿದೆ, ಹಾಗಾಗಿ ಇದೆಲ್ಲ ಬರೀ ಊಹೆ, ತಮಾಷೆ ಅನ್ನುತ್ತಾರೆ. ಕೂತವಳಿಗೆ ಅದು ತಮಾಷೆಯಾಗಿ ಕೇಳಿಸುವುದಿಲ್ಲ. "ಹೊಟ್ಟೆ ಚೂಪಾಗಿದೆ, ಗಂಡೇ" ಅಂದಾಗ ಸುತ್ತ ಅರಳುವ ಮುಖಗಳನ್ನು ಅವಳು ನೋಡುತ್ತಾಳೆ. "ಹೆಣ್ಣಾದರೂ ಪರವಾಗಿಲ್ಲ" ಅನ್ನುವ ಆ "ಆದರೂ" ಅವಳಿಗೆ ಕೇಳಿಸುತ್ತದೆ. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದ ಜಿಲ್ಲೆ ನಮ್ಮದು. ಆ ಹೆಮ್ಮೆ ಮಾತಿನಲ್ಲೂ ಇರಲಿ ಅನ್ನೋದು ನನ್ನ ಆಸೆ. ನಾವು ಕರೆಯುವಾಗಲೇ ಎಲ್ಲರಿಗೂ ಮೆಲ್ಲಗೆ ಹೇಳಿದ್ದೆವು. ಒಬ್ಬರು ಮರೆತು ಕೇಳಿದರು. ದೊಡ್ಡಮ್ಮನೇ "ಮಗು" ಅಂತ ಉತ್ತರ ಕೊಟ್ಟರು.

ಉಡುಗೊರೆಯಲ್ಲಿ ನನಗೆ ತುಂಬ ಹಿಡಿಸಿದ್ದು ಚಿಕ್ಕಮ್ಮ ತಂದದ್ದು. ಮಗು ಹುಟ್ಟುವ ಮುಂಚೆ ತೊಟ್ಟಿಲು, ಹೊಸ ಬಟ್ಟೆ ತರಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ, ಅದನ್ನು ಎಲ್ಲರೂ ಪಾಲಿಸಿದರು. ಚಿಕ್ಕಮ್ಮ ತಂದದ್ದು ಹಳೇ ಹತ್ತಿ ಸೀರೆ, ಪಂಚೆಗಳನ್ನು ಕುದಿಸಿ ಒಗೆದು, ಬಿಸಿಲಿಗೆ ಒಣಗಿಸಿ, ಚೌಕ ಚೌಕವಾಗಿ ಹರಿದು ಮಡಿಸಿದ ಒಂದು ಗಂಟು. ಜೊತೆಗೆ ಒಂದು ದೊಡ್ಡ ಬಿದಿರಿನ ಬುಟ್ಟಿ. ಹೆರಿಗೆ ಸೆಪ್ಟೆಂಬರಿನಲ್ಲಿ, ಆಗ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬಾಣಂತನ ತವರಿನಲ್ಲಿ. ಕೆಂಡದ ಮೇಲೆ ಆ ಬುಟ್ಟಿ ಮಗುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡಿದರೆ ಬೇಗ ಒಣಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಮಗು ಸಾಕಿದವರಿಗೆ ಆ ಬುಟ್ಟಿಯ ಬೆಲೆ ಗೊತ್ತು. ಮಕ್ಕಳನ್ನು ಹೆರದ ಚಿಕ್ಕಮ್ಮ ನಮ್ಮನ್ನೆಲ್ಲ ಸಾಕಿ ಕಲಿತದ್ದು ಇದು.

ಸಂಜೆ ಐದಕ್ಕೆಲ್ಲ ಹಾಸನದ ಗಾಡಿಗಳನ್ನು ಹೊರಡಿಸಿದೆವು. ಮೇ ತಿಂಗಳ ಸಂಜೆ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು, ಜೊತೆಗೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಭಯ. ಕೊಡಗಿನಲ್ಲಿ ಸಮಾರಂಭ ಇಡುವವರು ಊಟದ ಹೊತ್ತನ್ನು ಇದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬೇಕು.

ಇಷ್ಟು ಬರೆದ ಮೇಲೂ ನಾನು ನೋಡಿದ ಸೀಮಂತಗಳಲ್ಲಿ ನನಗೆ ಮೆಚ್ಚಿನದು ಯಾವುದು ಅಂದರೆ ನಮ್ಮೂರ ಅಂಗನವಾಡಿಯದು. ಪೋಷಣ್ ಅಭಿಯಾನ 2018ರಲ್ಲಿ ಶುರುವಾದ ಮೇಲೆ ಅಂಗನವಾಡಿಗಳಲ್ಲಿ ಸೀಮಂತ ಮಾಡುವುದು ಎಲ್ಲ ಕಡೆ ನಡೆಯುತ್ತಿದೆ. ತೋಟದ ಕೆಲಸಗಾರರ ಲೈನ್ ಮನೆಗಳಿಂದ, ಬುಡಕಟ್ಟಿನವರ ಹಾಡಿಗಳಿಂದ ಬಸುರಿಯರು ಬರುತ್ತಾರೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಹುಡುಗಿಯರೂ ಇರುತ್ತಾರೆ. ತವರು ಸಾವಿರಾರು ಕಿಲೋಮೀಟರ್ ದೂರ, ಬಳೆ ಹಾಕುವವರು ಇಲ್ಲಿ ಇನ್ಯಾರು? ಕಾರ್ಯಕರ್ತೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಬಳೆ ಹಾಕಿ, ಮಡಿಲು ತುಂಬುತ್ತಾರೆ. ಮಡಿಲಿಗೆ ಅಕ್ಕಿಯ ಜೊತೆ ಸೊಪ್ಪು, ಮೊಟ್ಟೆ, ಕಡಲೆಬೀಜ. ತಾಯಿ ಕಾರ್ಡ್ ತೆರೆದು ತೂಕ ನೋಡುತ್ತಾರೆ. 180 ದಿನ ತಪ್ಪದೆ ಕಬ್ಬಿಣದ ಮಾತ್ರೆ ನುಂಗಬೇಕು ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಾರೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಲ್ಲೇ ಸಿಗುತ್ತದೆ. ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ಜಮಖಾನೆ, ಅಷ್ಟೇ ಅಲಂಕಾರ. ಯಾರ ಗಂಡ ಇದ್ದಾನೆ, ಯಾರಿಗೆ ಎಷ್ಟು ಮಕ್ಕಳು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಸೀಮಂತಕ್ಕೆ ನಾನು ಕಲಿತದ್ದರಲ್ಲಿ ಅರ್ಧ ಅಲ್ಲಿಂದಲೇ. ತಂಗಿಯ ಸೀಮಂತದಲ್ಲಿ ಮಡಿಲಿಗೆ ಬಂದ ಅಕ್ಕಿ, ಬೆಲ್ಲ, ಕೊಬ್ಬರಿಯಲ್ಲಿ ಅವಳಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಂಗನವಾಡಿಗೆ ಕೊಟ್ಟೆವು. ಉಳಿದ ಬಳೆಗಳನ್ನೂ ಕೊಟ್ಟೆವು.

ಈಗ ಪಕ್ಕದ ತೋಟದ ಮನೆಯ ಸೊಸೆಗೆ ಏಳು ತುಂಬುತ್ತಿದೆ. ಅವರ ಮನೆಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿ ನಡೆಯುತ್ತಿದೆ, ಕೈಗೆ ಜನ ಸಿಗುತ್ತಿಲ್ಲ. ಅವಳ ಅತ್ತೆ ಬಂದು ಏನೇನು ಮಾಡಬೇಕು ಅಂತ ನನ್ನನ್ನು ಕೇಳಿದರು. ಸೊಸೆಯನ್ನೇ ಕೇಳೋಣ ಅಂತ ಇಬ್ಬರೂ ಹೋಗಿ ಕೇಳಿದೆವು. ಹುಡುಗಿ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮತ್ತಿ ಮೀನಿನ ಸಾರು ಬೇಕು ಅಂದಳು, ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ, ಹುಳಿ ಮುಂದಾಗಿ. ಸೀಮಂತದ ಎಲೆಗೆ ಮೀನಾ ಅಂತ ಅತ್ತೆ ಸ್ವಲ್ಪ ಹಿಂದೆಮುಂದೆ ನೋಡಿದರು. ಪೂಜೆ ಬೆಳಿಗ್ಗೆಯೇ ಮುಗಿಸಿ, ರಾತ್ರಿಯ ಊಟಕ್ಕೆ ಅವಳಿಗೊಬ್ಬಳಿಗೇ ಮೀನು ಮಾಡುವುದು ಅಂತ ಮಾತಾಯಿತು. ಮೀನಿನ ಗಾಡಿಯವನಿಗೆ ಹೇಳಿಯಾಗಿದೆ.